ಗಿಲಾವಿಗೆ ಮುಂಚೆ ಚಾವಣಿಯ ಹಳೇ ಬಣ್ಣ ತೆಗೆಸಿ

ನಮ್ಮ ತಳಕಲ್ಲಿನಂಥ ಊರುಗಳ ಸ್ಲ್ಯಾಬಿನ ಮನೆಗಳಲ್ಲಿ ಹಬ್ಬಕ್ಕೊಮ್ಮೆ ಸುಣ್ಣ ಬಳಿದೂ ಬಳಿದೂ ಚಾವಣಿ ಪದರುಗಟ್ಟಿರುತ್ತದೆ. ಅದರ ಮೇಲೇ ಗಿಲಾವು ಮಾಡಿಸಿದರೆ ಅದು ಹಿಡಿಯುವುದು ಸುಣ್ಣವನ್ನು, ಸ್ಲ್ಯಾಬನ್ನಲ್ಲ. ಒಂದಿನ ತೊಟ್ಟಿಲ ಮೇಲೇ ಬಿದ್ದೀತು! "ಬಣ್ಣ ಇದ್ರ ಏನಾಗ್ತದ್ರೀ ಅಕ್ಕಾರ, ನಡೀತದ" ಅಂತ ಗೌಂಡಿ ಅಂದರೆ ಒಪ್ಪಬೇಡಿ.

ಸೋರಿಕೆ ಇದ್ದರೆ ಮೊದಲು ಮಾಳಿಗೆ ಮೇಲಿನಿಂದ ರಿಪೇರಿಯಾಗಲಿ. ಆಮೇಲೆ ಸುಣ್ಣ, ಡಿಸ್ಟೆಂಪರ್ ಎರಡನ್ನೂ ನೀರಿನಿಂದ ನೆನೆಸಿ ಕೆರೆಸಿ, ತೊಳೆಸಿ. ಅಂಗೈ ಉಜ್ಜಿದರೆ ಬಿಳುಪು ಹತ್ತಬಾರದು. ಅಡುಗೆಮನೆಯ ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ. ಕೋಲಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದಲ್ಲಿ ಹಳೇ ಗಿಲಾವು ಕೆಡವಿಸಲೇಬೇಕು.

ಎಣ್ಣೆ ಬಣ್ಣವಾದರೆ ಹುಷಾರು. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಒಣಗಿದ್ದನ್ನು ಉಜ್ಜಿಸಬೇಡಿ, ಆ ಧೂಳು ಮಕ್ಕಳಿಗೆ, ಬಸುರಿಯರಿಗೆ ಕೆಟ್ಟದ್ದು. ಒದ್ದೆ ಮಾಡಿಯೇ ಕೆರೆಸಿ. ನೀರಿನ ಕೊಡ, ಹಿಟ್ಟಿನ ಡಬ್ಬಿ ಮೊದಲೇ ಹೊರಗಿಡಿ.

ಬೋಳಾದ ಚಾವಣಿಗೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆಸಿ, ನೀರು ಚಿಮುಕಿಸಿ, ಸಿಮೆಂಟಿನ ಹಾಲು ಬಳಿಸಿ. ಅದು ಆರುವ ಮೊದಲೇ ಗಿಲಾವು: ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು, ದಪ್ಪ 6 ಮಿಲಿಮೀಟರ್ ಸಾಕು. ಏಳು ದಿನ ನೀರುಣಿಸಿ.

ಕೆರೆಯುವಾಗ ತುಕ್ಕು ಹಿಡಿದ ಸರಳು ಕಂಡರೆ ಮಾತ್ರ ಕೆಲಸ ನಿಲ್ಲಿಸಿ, ಇಂಜಿನಿಯರಿಗೆ ತೋರಿಸಿ.