ಹೊಲದ ಕೆಲಸವೇ ವ್ಯಾಯಾಮ ಅಲ್ವಾ? ಮಂಡಿ, ಸೊಂಟ ನೋವಿಗೆ ಸಂಶೋಧನೆ ಕೊಡುವ ಉತ್ತರ

ಇವತ್ತು ಮಾತಾಡ್ತಿರೋದು ಮಂಡಿ ನೋವು ಮತ್ತು ಸೊಂಟ ನೋವಿನ ಬಗ್ಗೆ. ಸಂಡೂರು ತಾಲ್ಲೂಕಿನ ನಮ್ಮ ಯಶವಂತನಗರದ ಕಡೆ ಈ ವಿಷಯ ಎತ್ತಿದ್ರೆ ಸಾಕು, ಒಂದು ಪ್ರಶ್ನೆ ಖಂಡಿತ ಬರುತ್ತೆ: "ಬೆಳಗ್ಗೆಯಿಂದ ಸಂಜೆವರೆಗೂ ಹೊಲದಲ್ಲಿ ಬಗ್ಗಿ ಏಳ್ತೀವಿ, ಮೂಟೆ ಹೊರ್ತೀವಿ. ಡಾಕ್ಟರ್ ನೋಡಿದ್ರೆ ವ್ಯಾಯಾಮ ಮಾಡಿ ಅಂತಾರೆ. ನಾವು ಮಾಡ್ತಿರೋದು ಮತ್ತೇನು?"

ಇದು ನ್ಯಾಯವಾದ ಪ್ರಶ್ನೆ. ಮಂಡಿ ಹಿಡಿದುಕೊಂಡರೆ ಇಲ್ಲಿ ಆ ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಹಾಗಾಗಿ ಜನ ಮೊದಲು ಹೋಗೋದು ಮೆಡಿಕಲ್ ಶಾಪಿಗೆ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ನಡೆದಿರುವ ಸಂಶೋಧನೆಗಳು ಏನು ಹೇಳುತ್ತವೆ, ಎಷ್ಟರ ಮಟ್ಟಿಗೆ ನಂಬಬಹುದು ಅನ್ನೋದನ್ನ ಬಿಡಿಸಿ ಹೇಳ್ತೀನಿ.

ಮೊದಲು ಆ ಪ್ರಶ್ನೆಗೇ ಬರೋಣ. ಕೆಲಸದ ಶ್ರಮ ಬೇರೆ, ವ್ಯಾಯಾಮ ಬೇರೆ ಅನ್ನೋದಕ್ಕೆ ಆಧಾರ ಇದೆ. 2018ರಲ್ಲಿ 17 ಅಧ್ಯಯನಗಳ ಸುಮಾರು 1.93 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೆಚ್ಚು ಮೈಮುರಿಯುವ ಕೆಲಸ ಮಾಡುವ ಗಂಡಸರಲ್ಲಿ, ಕಡಿಮೆ ಶ್ರಮದ ಕೆಲಸದವರಿಗಿಂತ ಬೇಗ ಸಾಯುವ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ಹೆಂಗಸರಲ್ಲಿ ಈ ಸಂಬಂಧ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಬಿಡುವಿನ ವೇಳೆಯ ವ್ಯಾಯಾಮ ಆಯುಷ್ಯಕ್ಕೆ ಒಳ್ಳೇದು ಅಂತ ನಮಗೆ ಗೊತ್ತು. ಕೆಲಸದ ಶ್ರಮ ಮಾತ್ರ ಯಾಕೆ ಉಲ್ಟಾ? ಸಂಶೋಧಕರು ಕೊಡುವ ವಿವರಣೆ ಸರಳ. ಕೂಲಿ ಕೆಲಸದಲ್ಲಿ ಎಷ್ಟು ಹೊತ್ತು, ಎಷ್ಟು ಭಾರ, ಯಾವಾಗ ವಿಶ್ರಾಂತಿ ಅನ್ನೋದು ನಮ್ಮ ಕೈಯಲ್ಲಿ ಇರೋದಿಲ್ಲ. ಒಂದೇ ಭಂಗಿ, ಒಂದೇ ಸ್ನಾಯು, ಗಂಟೆಗಟ್ಟಲೆ. ಆಯಾಸ ಆರುವ ಮುಂಚೆಯೇ ಮರುದಿನ ಮತ್ತೆ ಅದೇ. ಬಡತನ, ಬೀಡಿ, ಊಟದ ವ್ಯತ್ಯಾಸವೂ ಈ ಲೆಕ್ಕದಲ್ಲಿ ಸೇರಿಕೊಂಡಿರಬಹುದು, ಅದನ್ನೂ ಮರೆಯಬಾರದು. ವ್ಯಾಯಾಮ ಅಂದರೆ ಹಾಗಲ್ಲ. ಬಲ ಕಡಿಮೆ ಇರುವ ಸ್ನಾಯುವಿಗೆ ಅಳತೆ ಮಾಡಿ ಕೆಲಸ ಕೊಡೋದು, ಆಮೇಲೆ ವಿಶ್ರಾಂತಿ ಕೊಡೋದು, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸೋದು.

ಈಗ ಮಂಡಿಗೆ ಬರೋಣ. ವಯಸ್ಸಾದಂತೆ ಬರುವ ಕೀಲು ಸವೆತಕ್ಕೆ ವ್ಯಾಯಾಮದಿಂದ ಎಷ್ಟು ಲಾಭ? ಕೊಕ್ರೇನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ 2024ರಲ್ಲಿ 139 ಪ್ರಯೋಗಗಳನ್ನು, 12 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಲೆಕ್ಕ ಹಾಕಿತು. ನೋವಿಗೆ 0ಯಿಂದ 100ರವರೆಗೆ ಅಂಕ ಕೊಟ್ಟರೆ, ಏನೂ ಮಾಡದವರಿಗಿಂತ ವ್ಯಾಯಾಮ ಮಾಡಿದವರಿಗೆ ಸರಾಸರಿ 13 ಅಂಕದಷ್ಟು ಹೆಚ್ಚು ಕಡಿಮೆಯಾಯಿತು. ಬರೀ ಆರೈಕೆ, ಮಾತುಕತೆ ಅಥವಾ ಹುಸಿ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದಾಗ ವ್ಯತ್ಯಾಸ ಸುಮಾರು 9 ಅಂಕಕ್ಕೆ ಇಳಿಯಿತು. ಇದು ರೋಗಿಗೆ ದೊಡ್ಡ ಬದಲಾವಣೆ ಅನಿಸುತ್ತಾ ಅನ್ನೋದು ಖಚಿತವಿಲ್ಲ ಅಂತ ಆ ವರದಿಯೇ ಒಪ್ಪಿಕೊಳ್ಳುತ್ತೆ. ಅಂದರೆ ಲಾಭ ಇದೆ, ಆದರೆ ಪವಾಡ ಇಲ್ಲ.

ನಮ್ಮ ಕರ್ನಾಟಕದಲ್ಲೂ ಇದರ ಮೇಲೆ ಕೆಲಸ ಆಗಿದೆ. ಬೆಂಗಳೂರಿನಲ್ಲಿ ಮೂಳೆ ತಜ್ಞ ಡಾ. ಜಾನ್ ಎಬ್ನೇಜರ್ ಮತ್ತು ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಸೇರಿ ಮಂಡಿ ಸವೆತದ 250 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ಫಿಸಿಯೋಥೆರಪಿ ವ್ಯಾಯಾಮ. ಎರಡು ವಾರ ಕೇಂದ್ರದಲ್ಲಿ ದಿನಕ್ಕೆ 40 ನಿಮಿಷ, ಆಮೇಲೆ ಮೂರು ತಿಂಗಳು ಮನೆಯಲ್ಲಿ. ಯೋಗದ ಗುಂಪು ಮುಂದಿತ್ತು. ಆದರೆ ಇದನ್ನು ಓದುವಾಗ ಎರಡು ವಿಷಯ ನೆನಪಿಡಿ. ಒಂದು, ಇಲ್ಲಿ ಎರಡೂ ಗುಂಪಿನವರು ವ್ಯಾಯಾಮ ಮಾಡಿದ್ದಾರೆ, ಯಾರೂ ಸುಮ್ಮನೆ ಕೂತಿಲ್ಲ. ಎರಡು, ಇದು ಒಂದೇ ಕೇಂದ್ರದ ಅಧ್ಯಯನ. ಒಂದು ಕಡೆ ಬಂದ ಫಲ ಬೇರೆ ಕಡೆಯೂ ಬರಬೇಕು, ಆಗ ಅದು ಗಟ್ಟಿಯಾಗುತ್ತೆ.

ಸೊಂಟ ನೋವಿಗೂ ಇದೇ ತರಹ. 2008ರಲ್ಲಿ ಪ್ರಕಟವಾದ ಬೆಂಗಳೂರಿನ ಇನ್ನೊಂದು ಪ್ರಯೋಗದಲ್ಲಿ ದೀರ್ಘಕಾಲದ ಸೊಂಟ ನೋವಿನ 80 ಜನರನ್ನು ಒಂದು ವಾರ ವಸತಿ ಶಿಬಿರದಲ್ಲಿ ಇಟ್ಟುಕೊಂಡರು. ಅಲ್ಲೂ ಯೋಗದ ಗುಂಪಿಗೆ ನೋವು ಕಡಿಮೆಯಾಗಿ, ಬೆನ್ನಿನ ಬಾಗುವಿಕೆ ಹೆಚ್ಚಾಯಿತು. ಒಳ್ಳೇದೇ. ಆದರೆ ಕೂಲಿ ಬಿಟ್ಟು ಒಂದು ವಾರ ಶಿಬಿರದಲ್ಲಿ ಇರೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತೆ? ಸಂಶೋಧನೆ ಓದುವಾಗ ಕೇಳಬೇಕಾದ ಪ್ರಶ್ನೆ ಇದು: ಅವರು ಮಾಡಿದ್ದು ನನ್ನ ಮನೆಯಲ್ಲಿ ಆಗುವಂಥದ್ದಾ?

2021ರ ಕೊಕ್ರೇನ್ ವರದಿ ಸೊಂಟ ನೋವಿನ 249 ಪ್ರಯೋಗಗಳನ್ನು ನೋಡಿತು. ಅಲ್ಲಿ ನೋವು ಸರಾಸರಿ 15 ಅಂಕದಷ್ಟು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ವ್ಯಾಯಾಮ, ತಿಳಿವಳಿಕೆ ಬೇಕು ಅಂತ ಇದೆ. ಇನ್ನೊಂದು ಮಾತು ನಮ್ಮವರಿಗೆ ಆಶ್ಚರ್ಯ ಅನಿಸಬಹುದು: ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್ ಬೇಡ ಅಂತಲೂ ಅದು ಹೇಳುತ್ತೆ. ಗಣಿ ಲಾರಿ ಓಡಿಸುವ ಎಷ್ಟೋ ಜನ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಇರ್ತಾರೆ. ಆ ದುಡ್ಡನ್ನು ಬೇರೆ ಕಡೆ ಹಾಕೋದು ಒಳ್ಳೇದು. ಮೂಳೆ ಮುರಿತಕ್ಕೋ, ಶಸ್ತ್ರಚಿಕಿತ್ಸೆ ಆದ ಮೇಲೋ ಡಾಕ್ಟರ್ ಕೊಟ್ಟ ಬೆಲ್ಟ್ ಮಾತ್ರ ಬೇರೆ ವಿಷಯ, ಅದನ್ನ ನೀವಾಗಿ ಬಿಚ್ಚಬೇಡಿ.

ಹಾಗಾದರೆ ಲಾಭ ಇಷ್ಟೇ ಆದರೆ ಯಾಕೆ ಮಾಡಬೇಕು? ಮಾತ್ರೆ ನುಂಗಿದರೆ ಆಯಿತಲ್ಲ? ಇಲ್ಲೇ ಇರೋದು ಸಂಗತಿ. ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಗಳು ನಾಲ್ಕು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬಿಪಿ ಏರೋದು, ಮೂತ್ರಪಿಂಡಕ್ಕೆ ಏಟು. ನಮ್ಮ ಬಳ್ಳಾರಿ ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿಯುವವರಿಗೆ ಮೂತ್ರಪಿಂಡದ ಅಪಾಯ ಇನ್ನೂ ಜಾಸ್ತಿ. ವ್ಯಾಯಾಮದಿಂದ ಆಗುವ ತೊಂದರೆ ಅಂದರೆ ಹೆಚ್ಚಾಗಿ ಒಂದೆರಡು ದಿನದ ಮೈಕೈ ನೋವು ಅಷ್ಟೇ. ಈ ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡಿ.

ಹಾಗಂತ ಎಲ್ಲಾ ಕಾಯಿಲೆಗೂ ಮನೆಯ ವ್ಯಾಯಾಮವೇ ಮದ್ದು ಅನ್ನೋದೂ ತಪ್ಪು. ಲಕ್ವಾ ಹೊಡೆದವರಿಗೆ ಮನೆಯವರೇ ತರಬೇತಿ ಪಡೆದು ವ್ಯಾಯಾಮ ಮಾಡಿಸಿದರೆ ಹೇಗೆ ಅಂತ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಶೇ. 47 ಜನ ತೀರಿಹೋಗಿದ್ದರು ಅಥವಾ ಬೇರೆಯವರ ಆಸರೆಯಲ್ಲಿದ್ದರು. ವ್ಯತ್ಯಾಸವೇ ಇರಲಿಲ್ಲ. ಲಕ್ವಾದಂಥ ಕಾಯಿಲೆಗೆ ಮನೆಯವರ ಪ್ರೀತಿ ಬೇಕು, ಜೊತೆಗೆ ನುರಿತ ಫಿಸಿಯೋಥೆರಪಿಸ್ಟ್ ಸಿಗುವ ವ್ಯವಸ್ಥೆಯೂ ಬೇಕು ಅಂತ ನಾನು ಇದನ್ನ ಓದಿಕೊಂಡಿದ್ದೀನಿ.

ಸರಿ, ಮಂಡಿಗೆ ಮನೆಯಲ್ಲೇ ಏನು ಮಾಡಬಹುದು? ಮೂರು ವ್ಯಾಯಾಮ ಹೇಳ್ತೀನಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ನಿಧಾನ ಏಳೋದು, ನಿಧಾನ ಕೂರೋದು. ಚಾಪೆ ಮೇಲೆ ಮಲಗಿ, ಮಂಡಿ ಮಡಚದೆ ಒಂದೊಂದೇ ಕಾಲನ್ನು ಒಂದು ಗೇಣು ಎತ್ತಿ ಐದು ಎಣಿಸಿ ಇಳಿಸೋದು. ಮನೆಯ ಮೆಟ್ಟಿಲ ಮೇಲೆ ಒಂದೇ ಹೆಜ್ಜೆ ಹತ್ತಿ ಇಳಿಯೋದು. ಹತ್ತತ್ತು ಸಲ, ಮಧ್ಯೆ ಬಿಡುವು ಕೊಟ್ಟು ಎರಡು ಸುತ್ತು, ವಾರಕ್ಕೆ ಮೂರು ದಿನ. ಕೆಲಸ ಕಡಿಮೆ ಇರುವ ದಿನ ಆರಿಸಿಕೊಳ್ಳಿ.

ನೋವಾದರೆ ನಿಲ್ಲಿಸಬೇಕಾ? ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾದ ಮಂಡಿ ನೋವಿನ ಕಾರ್ಯಕ್ರಮವೊಂದು ಹಲವು ದೇಶಗಳಿಗೆ ಹರಡಿದೆ. ಅವರ ನಿಯಮ ನಮಗೂ ಆಗುತ್ತೆ. ಹತ್ತಕ್ಕೆ ಐದರ ಒಳಗಿನ ನೋವು ಪರವಾಗಿಲ್ಲ, ಆದರೆ 24 ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ.

ಕೆಲವು ಲಕ್ಷಣ ಕಂಡರೆ ವ್ಯಾಯಾಮ ಬೇಡ, ನೇರ ಆಸ್ಪತ್ರೆಗೆ ಹೋಗಿ. ಸೊಂಟ ನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದು ಪೆಟ್ಟಾಗಿದ್ದರೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೂ ಅಷ್ಟೇ. ಸಂಡೂರು, ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗಳಿವೆ, ದೊಡ್ಡದಕ್ಕೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಜನ ಈಗಲೂ ವಿಮ್ಸ್ ಅಂತಲೇ ಕರೆಯೋದು. ಹೋದಾಗ ಫಿಸಿಯೋಥೆರಪಿ ವಿಭಾಗಕ್ಕೂ ಚೀಟಿ ಬರೆದುಕೊಡಿ ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಕೊನೆಯದಾಗಿ, ನಿಮಗೆ ಉಪಯೋಗ ಆಗ್ತಿದೆಯಾ ಅಂತ ತಿಳಿಯೋದು ಹೇಗೆ? ಸಂಶೋಧಕರು ಬಳಸುವ ಪರೀಕ್ಷೆಯನ್ನೇ ನೀವೂ ಮಾಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರೋಕೆ ಆಗುತ್ತೆ ಅಂತ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಆರು ವಾರಕ್ಕೊಮ್ಮೆ, ಹನ್ನೆರಡು ವಾರಕ್ಕೊಮ್ಮೆ ಮತ್ತೆ ಎಣಿಸಿ. ಸಂಖ್ಯೆ ಏರಿದ್ದರೆ ಮುಂದುವರಿಸಿ, ಯಾಕಂದ್ರೆ ನಿಲ್ಲಿಸಿದರೆ ಲಾಭವೂ ಕರಗುತ್ತೆ. ಏರದಿದ್ದರೆ ಆ ಕ್ಯಾಲೆಂಡರ್ ಹಾಳೆಯನ್ನೇ ಹಿಡಿದು ಡಾಕ್ಟರ್ ಹತ್ತಿರ ಹೋಗಿ. "ನೋವು ಜಾಸ್ತಿ ಸಾರ್" ಅನ್ನೋದಕ್ಕಿಂತ ಆ ಎರಡು ಸಂಖ್ಯೆ ಅವರಿಗೆ ಹೆಚ್ಚು ಹೇಳುತ್ತವೆ.