ಒರಳಿನಿಂದ ಬಂದ ಬಿಳಿ

ಅಡುಗೆಮನೆಯ ಮಗ್ಗುಲ ಜಗಲಿಯಲ್ಲಿ ಎರಡು ಬುಟ್ಟಿ ಬೋರಲು ಹಾಕಿದ್ದಾರೆ. ಒಂದು ದೊಡ್ಡದು, ಒಂದು ಚಿಕ್ಕದು. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಸವರಿದೆ. ಸಾಗರ ಸೀಮೆಯ ಈ ದೀವರ ಮನೆಯಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಹೊತ್ತು. ಭೂಮಿ ಹುಣ್ಣಿಮೆಗೆ ಇನ್ನು ಮೂರೇ ದಿನ.

"ಬನ್ನಿ, ಕೂತ್ಕಳಿ. ಹಿಟ್ಟು ಒಣಗ್ತೈತೆ, ಕೈ ಬಿಡಂಗಿಲ್ಲ" ಎನ್ನುತ್ತ ಮನೆಯ ಹಿರಿಯಮ್ಮ ಪುಂಡಿ ನಾರಿನ ಕುಂಚ ಅದ್ದಿದರು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಊಟಕ್ಕೆ ಅರೆಯುವ ಒರಳಿನಲ್ಲೇ ಬಣ್ಣವೂ ಅರೆದದ್ದು.

ಕೈ ಬಿಡುವಂತಿಲ್ಲ ಎಂದವರು ಒಂದು ತಾಸಿನಲ್ಲಿ ನಾಲ್ಕು ಸಲ ಎದ್ದರು. ಒಲೆಯ ಅನ್ನ ಉಕ್ಕಿತು, ಕರು ಕೂಗಿತು, ಮೊಮ್ಮಗು ಎದ್ದಿತು, ಅಂಗಳದ ಅಡಿಕೆಗೆ ಮೋಡ ಕವಿಯಿತು. ಪ್ರತಿ ಸಲವೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಬಿಟ್ಟ ಎಳೆಯ ತುದಿಗೇ ಕುಂಚ ಇಟ್ಟರು. ಪಟ್ಟಿಯಿಲ್ಲ, ಗುರುತಿಲ್ಲ. ಭತ್ತದ ಸಸಿ, ಏಣಿ, ತೇರು ಒಂದರ ಪಕ್ಕ ಒಂದು ನಿಂತವು. ಏಕಾಂತವಿದ್ದರೇ ಕಲೆ ಎಂದು ನಂಬಿದ್ದ ನಾನು ಆ ಕೈಯನ್ನೇ ನೋಡುತ್ತ ಕೂತೆ.

ನಡುಮನೆಯ ಗೋಡೆಯಲ್ಲಿ ಮದುವೆಗೆ ಬರೆದ ಹಸೆ ಚಿತ್ತಾರ ಮಾಸಿದೆ. ಪಕ್ಕದ ಹೊಸ ಕೋಣೆಯದು ಸಿಮೆಂಟು ಗೋಡೆ, ಬಣ್ಣ ಬಳಿದದ್ದು, ಚಿತ್ತಾರವಿಲ್ಲ. ಈಗ ಚಿತ್ತಾರ ಬಟ್ಟೆ, ಕಾಗದಕ್ಕೆ ಇಳಿದು ಪೇಟೆಗೆ ಹೋಗುತ್ತದೆ. ಹೆಂಗಸರ ಕೈಗೆ ನಾಲ್ಕು ಕಾಸು ಬರುವುದು ಒಳ್ಳೆಯದೇ. ಆದರೆ ಆ ಬೆಲೆಯಲ್ಲಿ ಒರಳಿನ ಮುಂದೆ ಕಳೆದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ಕೊರಗು.

ಭೂಮಿ ಹುಣ್ಣಿಮೆಯೆಂದರೆ ಭತ್ತ ಹೊಡೆಯಾಗುವ ಕಾಲ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಹಿಂದಿನ ರಾತ್ರಿಯೆಲ್ಲ ಹೆಂಗಸರು ನಿದ್ದೆಗೆಟ್ಟು ಕಡುಬು ಬೇಯಿಸುತ್ತಾರೆ, ಹತ್ತಾರು ಬಗೆಯ ಸೊಪ್ಪು ಕುದಿಸಿ ಹಚ್ಚಂಬಲಿ ಮಾಡುತ್ತಾರೆ. ನಸುಕಿನಲ್ಲಿ ಬುಟ್ಟಿ ಹೊತ್ತು, ದೊಂದಿ ಹಿಡಿದು, ಗದ್ದೆಗೆ ಹಚ್ಚಂಬಲಿ ಬೀರಲು ಹೋಗುವವರು ಗಂಡಸರು. ಚಿತ್ತಾರ ಮೊದಲು ಕತ್ತಲಲ್ಲೇ ಗದ್ದೆ ಕಾಣುತ್ತದೆ.

"ಹೋದ ವರ್ಷದ ಬುಟ್ಟಿ ಏನಾಯಿತಮ್ಮ?" ಎಂದೆ.

"ಎಲ್ಲಿ ಹೋಗ್ತೈತೆ? ಇದೇಯ."

ಬುಟ್ಟಿಯ ಅಂಚಿನಲ್ಲಿ ಕೆಮ್ಮಣ್ಣು ಚೂರು ಎದ್ದಿತ್ತು. ಹಿರಿಯಮ್ಮ ಉಗುರಿನಿಂದ ಕೆದಕಿದರು. ಸಗಣಿಯ ಪದರದ ಕೆಳಗೆ ಇನ್ನೊಂದು ಕೆಮ್ಮಣ್ಣು, ಅದರ ಮೇಲೆ ಕೂದಲೆಳೆಯಷ್ಟು ಬಿಳಿ.