ಹೆಸರಿನ ಮೂಲೆಯ ಪುಟ್ಟ ಅಕ್ಷರ

ಮುಂದಿನ ಸಲ ಪರೇಲಿನ ಯಾವುದಾದರೂ ಕಿರಾಣಿ ಅಂಗಡಿಗೆ ಹೋದಾಗ ಒಂದು ಮಸಾಲೆ ಪೊಟ್ಟಣವನ್ನೋ ಸಾಬೂನನ್ನೋ ಕೈಗೆತ್ತಿಕೊಂಡು ಅದರ ಹೆಸರಿನ ಬಲಮೂಲೆಯನ್ನು ನೋಡಿ. ಕೆಲವದರಲ್ಲಿ ‘ಟಿಎಂ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಸಾಸಿವೆಕಾಳಿನಷ್ಟು ಸಣ್ಣದಾಗಿ ಇರುತ್ತವೆ. ಕೆಲವದರಲ್ಲಿ ಪುಟ್ಟ ವೃತ್ತದೊಳಗೆ ‘ಆರ್’ ಅಕ್ಷರ ಕುಳಿತಿರುತ್ತದೆ. ಎರಡೂ ಒಂದೇ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಒಂದೇ ಅಲ್ಲ.

ಈ ವಿಷಯ ನಿಮಗೇ ಹೇಳಬೇಕೆನಿಸಿದ್ದಕ್ಕೆ ಕಾರಣವಿದೆ. ನಿಮ್ಮ ಅಜ್ಜ, ತಂದೆಯವರು ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ತಮ್ಮದೇ ಹೋಟೆಲಿಗೆ ಬೋರ್ಡು ತೂಗಿಸಿದವರು. ಗಿರಾಕಿ ಗಿರಣಿಯ ಕೆಲಸಗಾರ. ಬೋರ್ಡು ನೋಡದೆಯೂ ಬರುತ್ತಿದ್ದ. ಈಗ ಗಿರಣಿಗಳಿದ್ದ ಜಾಗದಲ್ಲಿ ಆಫೀಸು, ಮಾಲುಗಳು ಎದ್ದಿವೆ. ನೀವು ಅಡುಗೆಮನೆಯಲ್ಲಿ ಮಾಡಿದ ಚಟ್ನಿಪುಡಿ ಫೋನಿನ ಮೂಲಕ ಪುಣೆಗೂ ದುಬೈಗೂ ಹೋಗುತ್ತದೆ. ಕೊಳ್ಳುವವರು ನಿಮ್ಮ ಮುಖ ಕಂಡಿಲ್ಲ, ಹೆಸರನ್ನಷ್ಟೇ ಕಂಡಿದ್ದಾರೆ.

ನಮ್ಮ ಕಟ್ಟಡದ ಹುಡುಗಿಯೊಬ್ಬಳು ಲಾಲ್‌ಬಾಗಿನ ಮಸಾಲೆ ಗಲ್ಲಿಯಲ್ಲಿ ಒಣಮೆಣಸು ಕುಟ್ಟಿಸಿ, ಅಜ್ಜಿಯ ಕ್ರಮದಲ್ಲಿ ಸಾರಿನ ಪುಡಿ ಮಾಡಿ ಮಾರುತ್ತಾಳೆ. ಪುಡಿ ಘಮಘಮ. ಆದರೆ ಲೇಬಲಿನಲ್ಲಿ ವೃತ್ತದ ‘ಆರ್’! “ನೋಂದಣಿ ಆಯಿತೇನಮ್ಮ?” ಎಂದೆ. “ಆಂಟಿ, ಅಪ್ಲಿಕೇಶನ್ ನಂಬರ್ ಬಂದಿದೆಯಲ್ಲ, ಆದ ಹಾಗೆಯೇ” ಎಂದಳು. ಅರ್ಜಿಯ ನಂಬರು ಎಂದರೆ ಅರ್ಜಿ ತಲುಪಿತು ಎಂದಷ್ಟೇ ಅರ್ಥ. ಎಸ್ಸೆಸ್ಸೆಲ್ಸಿಯ ಹಾಲ್ ಟಿಕೆಟ್ ಬಂದ ದಿನವೇ ಪಾಸಾದೆನೆಂದು ಪೇಡೆ ಹಂಚುವವರುಂಟೇ?

‘ಟಿಎಂ’ ಎಂದರೆ “ಈ ಹೆಸರು ನನ್ನದೆಂದು ನಾನು ಹೇಳುತ್ತಿದ್ದೇನೆ” ಎಂಬ ಸಾರಿಕೆ. ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಡ. ಅರ್ಜಿ ಹಾಕದಿದ್ದರೂ ಬರೆಯಬಹುದು. ವೃತ್ತದ ‘ಆರ್’ ಹಾಗಲ್ಲ. “ಸರಕಾರದ ರಿಜಿಸ್ಟರಿನಲ್ಲಿ ಇದು ನನ್ನ ಹೆಸರಿಗೆ ದಾಖಲಾಗಿದೆ” ಎಂಬ ಹೇಳಿಕೆ ಅದು. ದಾಖಲಾಗದೆ ಹಾಗೆ ಬರೆದರೆ ಅದು ಸುಳ್ಳು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 107ನೆಯ ಕಲಮು ಇಂಥ ಸುಳ್ಳಿಗೆ ಮೂರು ವರ್ಷದವರೆಗೆ ಸೆರೆವಾಸವನ್ನೂ ಹೇಳಿತ್ತು. 2023ರ ಜನ ವಿಶ್ವಾಸ ಕಾಯಿದೆ ಸೆರೆವಾಸವನ್ನು ತೆಗೆದು ಹಣದ ದಂಡವನ್ನು ಉಳಿಸಿತು. ಚಂದ ಕಾಣಲೆಂದು ಡಿಸೈನ್ ಮಾಡಿದವನು ಹಾಕಿದ್ದರೂ ಉತ್ತರ ಕೊಡಬೇಕಾದವರು ಪೊಟ್ಟಣದ ಒಡೆಯರೇ. ವೃತ್ತದ ‘ಸಿ’ ಇನ್ನೊಂದು ಜಾತಿಯದು. ಅದು ಬರಹ, ಚಿತ್ರ, ಸಂಗೀತಗಳ ಹಕ್ಕಿಗೆ. ಸಾರಿನ ಪುಡಿಯ ಹೆಸರಿಗೆ ಅದು ಸಲ್ಲದು.

ಇನ್ನು ‘ಆರ್’ ದಕ್ಕಿದವರಿಗೆ ಎಲ್ಲವೂ ದಕ್ಕಿತೇ? ಇಲ್ಲಿ ನಂದಿನಿಯ ಕಥೆ ಕೇಳಬೇಕು. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು, ಹಾಲಿನ ಪದಾರ್ಥ ಮಾರುತ್ತಿದೆ. ಬೆಂಗಳೂರಿನಲ್ಲಿ 1989ರಿಂದ ‘ನಂಧಿನಿ’ ಎಂಬ ಹೋಟೆಲು ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚು, ಅಷ್ಟೇ. ಹೋಟೆಲಿನವರು ತಮ್ಮ ಖಾದ್ಯಗಳಿಗೆ ಹೆಸರು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. 2007ರಲ್ಲಿ ಟ್ರೇಡ್‌ಮಾರ್ಕ್ ಅಧಿಕಾರಿಗಳು ಆಕ್ಷೇಪವನ್ನು ತಳ್ಳಿಹಾಕಿದರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. 2014ರಲ್ಲಿ ಕರ್ನಾಟಕ ಹೈಕೋರ್ಟು ಮಂಡಳಿಯ ಕಡೆಗೇ ನಿಂತಿತು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಕಟ್ಟಿದ ಶಬ್ದವಲ್ಲ, ಪುರಾಣದ ಹೆಸರು. ಒಂದರ ಚಿತ್ರ ಹಸು, ಇನ್ನೊಂದರದು ದೀಪ. ಮಾರುವ ವಸ್ತುಗಳೂ ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರು ಆ ಹೆಸರು ಬಳಸಕೂಡದು. (ವಸಿಷ್ಠರ ಆ ಹಸುವಿಗಾಗಿ ಹಿಂದೆ ವಿಶ್ವಾಮಿತ್ರರೂ ಜಗಳ ಕಾದಿದ್ದರಲ್ಲ!)

ಒಂದು ಹೆಸರಿಗೆ ಇಷ್ಟು ವರ್ಷಗಳ ಅಲೆದಾಟ. ದೇವರ, ಪುರಾಣದ ಹೆಸರುಗಳೆಂದರೆ ನಮಗೆ ಪ್ರೀತಿ. ಆದರೆ ಅಂಥ ಹೆಸರಿಗೆ ಸುತ್ತ ಬೇಲಿ ಹಾಕುವುದು ಕಷ್ಟ. ಊರಿನ ಹೆಸರಿಗೆ ಇನ್ನೂ ಕಷ್ಟ. ಬರಿಯ ‘ಉಡುಪಿ’ ನನ್ನೊಬ್ಬನದೆಂದರೆ ಕಾಯಿದೆ ಒಪ್ಪುವುದಿಲ್ಲ. ಮಾಟುಂಗದಲ್ಲಿ 1942ರಿಂದಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೇ ನೋಡಿ. ಉಡುಪಿ, ಶ್ರೀಕೃಷ್ಣ ಎರಡೂ ಈ ಮುಂಬಯಿಯಲ್ಲಿ ಎಷ್ಟೋ ಬೋರ್ಡುಗಳ ಮೇಲಿವೆ. ಊಟಕ್ಕೆ ಹೊರಟವರು ಹೇಳುವುದು “ರಾಮ ನಾಯಕರಲ್ಲಿಗೆ” ಎಂದು. ಗುರುತು ಉಳಿದದ್ದು ಎಲ್ಲಿ ಎಂಬುದು ನಿಮಗೇ ತಿಳಿಯಿತು. ಊರಿನ ಹೆಸರನ್ನು ಕಾಯಲು ಭೌಗೋಳಿಕ ಸೂಚಕವೆಂಬ ಬೇರೆಯೇ ಕಾಯಿದೆ ಇದೆ. ಮಟ್ಟುಗುಳ್ಳ, ಧಾರವಾಡ ಪೇಡೆಗಳಿಗೆ ಆ ಮಾನ್ಯತೆ ದೊರೆತಿದೆ. ಅದು ಒಬ್ಬರ ಸೊತ್ತಲ್ಲ.

ನೋಂದಣಿಗೆ ದೂರ ಹೋಗಬೇಕಿಲ್ಲ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಮುಖ್ಯ ಕಛೇರಿ ಇರುವುದೇ ನಮ್ಮ ಮುಂಬಯಿಯಲ್ಲಿ, ವಡಾಲಾ ಕಡೆಯ ಅಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನದಲ್ಲಿ. ಅರ್ಜಿಯನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಕಳುಹಿಸಬಹುದು. 2017ರ ನಿಯಮಗಳ ಪ್ರಕಾರ ಹಾಗೆ ಕಳುಹಿಸಿದರೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಒಂದು ವರ್ಗಕ್ಕೆ 4,500 ರೂಪಾಯಿ. ವರ್ಗಗಳು ಒಟ್ಟು 45. ಮಸಾಲೆ 30ರಲ್ಲಿ, ಹೋಟೆಲು 43ರಲ್ಲಿ. ಸಾರಿನ ಪುಡಿಗೆ ಪಡೆದ ‘ಆರ್’ ಅನ್ನು ನಾಳೆ ತೆರೆಯುವ ಹೋಟೆಲಿನ ಬೋರ್ಡಿಗೆ ಅಂಟಿಸುವಂತಿಲ್ಲ. ಅದಕ್ಕೆ ಬೇರೆ ಅರ್ಜಿ. ಅಧಿಕಾರಿಗಳ ಪರೀಕ್ಷಾ ವರದಿ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಅವರು ಒಪ್ಪಿದ ಮೇಲೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಯಾರಿಗಾದರೂ ಆಕ್ಷೇಪವಿದ್ದರೆ ಹೇಳಲು ನಾಲ್ಕು ತಿಂಗಳು. ಅದೆಲ್ಲ ದಾಟಿ ಪ್ರಮಾಣಪತ್ರ ಬರುವ ತನಕ ನಿಮ್ಮದು ‘ಟಿಎಂ’ ಮಾತ್ರ. ನೋಂದಣಿ ಹತ್ತು ವರ್ಷಕ್ಕೆ. ಆಮೇಲೆ ಹೊಸದು ಮಾಡಿಸುತ್ತ ಹೋಗಬಹುದು.

ತಂದೆಯವರ ಹೋಟೆಲನ್ನು ನೋಡಿಕೊಳ್ಳುತ್ತಿರುವವರಿಗೆ ಒಂದು ಮಾತು ವಿಶೇಷವಾಗಿ. ಬೇರೆ ಯಾರೋ ಅದೇ ಹೆಸರನ್ನು ನೋಂದಾಯಿಸಿಕೊಂಡರೆಂದು ಎದೆಗುಂದಬೇಡಿ. ಅವರಿಗಿಂತ ಮೊದಲಿನಿಂದ ಬಿಡದೆ ಆ ಹೆಸರಿನಲ್ಲಿ ನಡೆಸಿಕೊಂಡು ಬಂದವರನ್ನು ಅವರು ತಡೆಯುವಂತಿಲ್ಲ ಎಂದು ಅದೇ ಕಾಯಿದೆಯ 34ನೆಯ ಕಲಮು ಹೇಳುತ್ತದೆ. ಆದರೆ ಮೊದಲಿನವರೆಂದು ತೋರಿಸಬೇಕಲ್ಲ! ಅಟ್ಟದ ಮೇಲಿನ ಹಳೆಯ ಬಿಲ್ ಪುಸ್ತಕ, ಮುನಿಸಿಪಾಲಿಟಿಯ ಲೈಸೆನ್ಸು, ಸಂಘದ ಸ್ಮರಣಸಂಚಿಕೆಗೆ ತಂದೆಯವರು ಕೊಟ್ಟ ಜಾಹೀರಾತು, ತಾರೀಖು ಇರುವ ಯಾವುದನ್ನೂ ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಯವನಿಗೆ ಕೊಡಬೇಡಿ.

ಹೊರದೇಶಕ್ಕೆ ಮಾಲು ಕಳುಹಿಸುವವರು ಲೇಬಲನ್ನು ಬೇರೆಯೇ ಮಾಡಿಸಿ. ನಮ್ಮ ದೇಶದ ನೋಂದಣಿ ನಮ್ಮ ದೇಶಕ್ಕಷ್ಟೇ. ಅಲ್ಲಿಯೂ ನೋಂದಣಿ ಆಗುವ ತನಕ ಆ ಪೊಟ್ಟಣದ ಮೇಲೆ ‘ಟಿಎಂ’ ಇರಲಿ. ಮೊದಲ ಸಲ ಲೇಬಲ್ ಮುದ್ರಿಸುವಾಗ ಹತ್ತು ಸಾವಿರ ಬೇಡ, ಐನೂರು ಸಾಕು. ಪ್ರಮಾಣಪತ್ರ ಬಂದ ದಿನ ಬದಲಿಸಲು ಸುಲಭ.